ಧೈವತ ಅಲ್ಲಾಡಿತು

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡನೇ ಚಳಿಗಾಲ. ಸಂಜೆ ನಾಲ್ಕಕ್ಕೇ ಕತ್ತಲು. ಸುಮ್ನೆ ಮನೆಯಲ್ಲಿ ಕೂರುವ ಬದಲು ಹತ್ತಿರದ ಚರ್ಚಿನ ಕಾಯರ್, ಅಂದರೆ ಹಾಡುವ ತಂಡ, ಸೇರಿಕೊಂಡೆ. ಅಲ್ಲಿ ಗಂಡು ದನಿಗಳಿಗೆ ಬರ. ಪರೀಕ್ಷೆ ಗಿರೀಕ್ಷೆ ಇಲ್ಲದೆ ನನ್ನನ್ನು ಬೇಸ್ ಅನ್ನುವ ತಗ್ಗು ಗಂಡು ದನಿಯ ಸಾಲಿನಲ್ಲಿ ನಿಲ್ಲಿಸಿದರು.

ಕ್ರಿಸ್‌ಮಸ್‌ಗೆ ಕಲಿಸಿದ್ದು 'ಓ ಮಾಗ್ನುಂ ಮಿಸ್ತೇರಿಯುಂ'. ಸ್ಪೇನಿನ ಆವಿಲಾದ ತೋಮಾಸ್ ಲೂಯಿಸ್ ದೆ ವಿಕ್ತೋರಿಯಾ ಬರೆದ ಲ್ಯಾಟಿನ್ ಮೊಟೆಟ್, ಅಂದರೆ ಹಲವು ದನಿ ಸೇರಿ ಹಾಡುವ ಚರ್ಚಿನ ಹಾಡು. 1572ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಆಗ ಆತ ರೋಮ್‌ನಲ್ಲಿದ್ದ, ಇಪ್ಪತ್ತೈದರ ಆಸುಪಾಸಿನ ಹುಡುಗ.

ವಾದ್ಯ ಇಲ್ಲ, ನಾಲ್ಕೇ ದನಿ. ಮೊದಲು ಎಲ್ಲಕ್ಕಿಂತ ಎತ್ತರದ ದನಿ ಸೊಪ್ರಾನೊ ಒಂದೇ ಶುರುಮಾಡುತ್ತದೆ. ಪ, ಕೆಳಗಿಳಿದು ಸ, ಮತ್ತೆ ಪ. ಯಾರೋ ತಂಬೂರಿ ಶ್ರುತಿ ಮಾಡುತ್ತಿದ್ದಾರೆ ಅನಿಸಿತು ನನಗೆ. ಆಮೇಲೆ ಶುದ್ಧ ಧೈವತವನ್ನು ಒಮ್ಮೆ ಮುಟ್ಟಿ ಪಂಚಮಕ್ಕೆ ವಾಪಸ್. ಅದೇ ಎಳೆಯನ್ನು ಅದರ ಕೆಳಗಿನ ದನಿ ಆಲ್ಟೊ ಹಿಡಿಯುತ್ತದೆ. ಗಂಡಸರ ಸರದಿ ತಡವಾಗಿ. ಅಲ್ಲಿಯವರೆಗೆ ನಾನು ತೊಡೆಯ ಮೇಲೆ ಬೆರಳು ಎಣಿಸುತ್ತಿದ್ದೆ. ಸಂಗೀತ ಪಾಠದ ಕಾಲದ ಕೈ, ಬಿಡಬೇಕಲ್ಲ!

ಸರಿಯಾದ ಜಾಗಕ್ಕೇ ಹಿಡಿದೆ. ಆದರೆ ಧೈವತ ಬಂತು ನೋಡಿ, ಗಂಟಲು ತಾನಾಗಿಯೇ ಗಮಕ ಹಾಕಿಬಿಟ್ಟಿತು. ನಿರ್ದೇಶಕಿ ಕೈ ನಿಲ್ಲಿಸಿದರು. "ಚೆನ್ನಾಗಿದೆ, ಆದರೆ ಇಲ್ಲಿ ಬೇಡ" ಅಂದರು. ಎಲ್ಲರೂ ನಕ್ಕರು. ಆ ಸ್ವರವನ್ನು ಅಲ್ಲಾಡದ ಹಾಗೆ ನಿಲ್ಲಿಸೋಕೆ ಮೂರು ವಾರ ಬಸ್ ಸ್ಟಾಪಿನಲ್ಲಿ ಗುನುಗಿದೆ.

ಅರ್ಥ ಕೇಳಿದ್ದು ಆಮೇಲೆ. ಎಂಥ ದೊಡ್ಡ ಅಚ್ಚರಿ, ಗೋದಲಿಯಲ್ಲಿ ಮಲಗಿದ ಒಡೆಯನನ್ನು ಪ್ರಾಣಿಗಳು ಕಂಡವು ಅಂತ. ರಾಜರಿಲ್ಲ, ಕುರುಬರೂ ಇಲ್ಲ. ಆಮೇಲೆ ಆ ಮಗು ಏಸುವನ್ನು ಹೆತ್ತ ತಾಯಿಯ ಬಗ್ಗೆ ಮಾತು ಬರುತ್ತದೆ. ಅಲ್ಲಿ ಬಿಡಿಬಿಡಿಯಾಗಿದ್ದ ನಾಲ್ಕೂ ದನಿ ಒಟ್ಟಿಗೆ, ಮೆತ್ತಗೆ ನಿಲ್ಲುತ್ತವೆ. ನನಗೆ ತೀರ್ಥಹಳ್ಳಿ ಕಡೆಯ ನಮ್ಮ ಕೊಟ್ಟಿಗೆ ನೆನಪಾಯಿತು. ಗೌರಿ ಕರು ಹಾಕಿದ ರಾತ್ರಿ ನಾನು ಟಾರ್ಚ್ ಹಿಡಿದು ನಿಂತಿದ್ದೆ. ಉಳಿದ ದನಗಳು ಮೆಲುಕು ನಿಲ್ಲಿಸಿ, ಹಗ್ಗ ಬಿಗಿಯುವಷ್ಟು ಕತ್ತು ತಿರುಗಿಸಿದ್ದವು. ಬೆಳಕಿಗೆ ಅವುಗಳ ಕಣ್ಣು ಹಸಿರಾಗಿ ಹೊಳೆಯುತ್ತಿತ್ತು. ಅಮ್ಮ ಒಣಹುಲ್ಲಿನಲ್ಲಿ ಕರುವಿನ ಮೂಗು ಒರೆಸುತ್ತಿದ್ದಳು.

ಕಾರ್ಯಕ್ರಮದ ದಿನ ಚರ್ಚಿನೊಳಗೆ ಎಷ್ಟು ಚಳಿ ಅಂದರೆ ಹಾಡಿದಾಗ ಬಾಯಿಂದ ಹೊಗೆ. ಧೈವತ ಅಲ್ಲಾಡಲಿಲ್ಲ. ಆದರೆ ಕೊನೆಯ ಅಲ್ಲೆಲೂಯಾದಲ್ಲಿ ನಡೆ ಮೂರಕ್ಕೆ ತಿರುಗುತ್ತದೆ. ಅಲ್ಲಿ ನನ್ನ ಕಾಲು ತಕಿಟ ಹಾಕಿದ್ದನ್ನು ಪಕ್ಕದ ಅಜ್ಜ ನೋಡಿಬಿಟ್ಟರು.

ಮರುದಿನ ಅಮ್ಮನಿಗೆ ಫೋನ್ ಮಾಡಿ ಹಾಡಿನ ಅರ್ಥ ಹೇಳಿದೆ. ದನಗಳು ನೋಡಿದವಂತೆ, ಅದೇ ದೊಡ್ಡ ಅಚ್ಚರಿಯಂತೆ ಅಂದೆ.

"ನೋಡದೆ ಏನು ಮಾಡ್ತಾವೆ? ಕೊಟ್ಟಿಗೆ ಅವುಗಳದ್ದೇ ಅಲ್ವಾ?" ಅಂದಳು.