ಬ್ಲಾಂಕೋ ಬಂದ ವರ್ಷ

2011ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡವು ಗ್ರೆಗರ್ ಬ್ಲಾಂಕೋ ಎಂಬ ವೆನೆಜುವೆಲಾದ ಔಟ್‌ಫೀಲ್ಡರ್‌ನನ್ನು, ಅಂದರೆ ಮೈದಾನದ ಹೊರವಲಯದ ಲೆಫ್ಟ್, ಸೆಂಟರ್, ರೈಟ್ ಎಂಬ ಮೂರು ಸ್ಥಾನಗಳಲ್ಲಿ ನಿಂತು ಚೆಂಡು ಹಿಡಿಯುವವನನ್ನು, ಮೈನರ್ ಲೀಗ್ ಕರಾರಿನ ಮೇಲೆ ಸೇರಿಸಿಕೊಂಡಿತು. ಕ್ರೀಡಾಪುಟದ ಮೂಲೆಯಲ್ಲಿ ಬರುವಂಥ ಸುದ್ದಿ ಅದು. ಮೈನರ್ ಲೀಗ್ ಕರಾರಿನಲ್ಲಿ ಮುಖ್ಯ ತಂಡದ ಸ್ಥಾನಕ್ಕೆ ಯಾವ ಭರವಸೆಯೂ ಇರುವುದಿಲ್ಲ. ವಸಂತದ ಹೊತ್ತಿಗೆ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ನಡೆಯುವ ತರಬೇತಿ ಶಿಬಿರಕ್ಕೆ ಬಂದು ಆಡಿ ತೋರಿಸಬೇಕು. ವ್ಯವಸ್ಥಾಪಕರಿಗೆ ಒಪ್ಪಿಗೆಯಾದರೆ ಉಳಿಯಬೇಕು, ಇಲ್ಲವಾದರೆ ಆಗ ಫ್ರೆಸ್ನೋದಲ್ಲಿದ್ದ ಕೆಳದರ್ಜೆಯ ತಂಡಕ್ಕೆ ಹೋಗಿ ಕರೆ ಬರುವ ತನಕ ಕಾಯಬೇಕು. ಇಂಥ ಕರಾರುಗಳನ್ನು ಎಲ್ಲ ತಂಡಗಳೂ ಪ್ರತಿ ಚಳಿಗಾಲದಲ್ಲಿ ಮಾಡಿಕೊಳ್ಳುತ್ತವೆ, ಹೆಚ್ಚಿನ ಹೆಸರುಗಳನ್ನು ಏಪ್ರಿಲ್ ಹೊತ್ತಿಗೆ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಆದರೂ ನಾನು ಆಗ ಕೆಲಸ ಮಾಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸನ್ನಿವೇಲ್‌ನ ಕಚೇರಿಯ ಊಟದ ಮೇಜಿನಲ್ಲಿ ಈ ಸಣ್ಣ ಸುದ್ದಿಯ ಮೇಲೆ ನಡೆದಷ್ಟು ವಾದ ದೊಡ್ಡ ಮೊತ್ತದ ಕರಾರುಗಳ ಮೇಲೂ ನಡೆದದ್ದು ನನಗೆ ನೆನಪಿಲ್ಲ.

ಅದಕ್ಕೆ ಕಾರಣವಿತ್ತು. 2010ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯನ್ನು ಗೆದ್ದಿದ್ದ ಜೈಂಟ್ಸ್ ಮರುವರ್ಷ ಬ್ಯಾಟಿಂಗ್‌ನಲ್ಲಿ ನೆಲಕಚ್ಚಿತ್ತು. ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಬಸ್ಟರ್ ಪೋಸಿ ಮೇ ತಿಂಗಳಲ್ಲಿ ಕಾಲು ಮುರಿದುಕೊಂಡು ಹೊರಗುಳಿದ ಮೇಲೆ ರನ್ ಬರುವುದೇ ಕಷ್ಟವಾಯಿತು. ಇಡೀ ಋತುವಿನಲ್ಲಿ ತಂಡ ಗಳಿಸಿದ್ದು 570 ರನ್, ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನಲ್ಲೇ ಅತಿ ಕಡಿಮೆ. ಈ ಕೊರತೆ ತುಂಬಲೆಂದು ಜುಲೈ ಕೊನೆಯಲ್ಲಿ ಝ್ಯಾಕ್ ವೀಲರ್ ಎಂಬ ಭರವಸೆಯ ಯುವ ಪಿಚರ್‌ನನ್ನು (ಚೆಂಡೆಸೆಯುವವನನ್ನು) ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟು ಕಾರ್ಲೋಸ್ ಬೆಲ್ಟ್ರಾನ್‌ನನ್ನು ತಂದರು. ಬೆಲ್ಟ್ರಾನ್ ಚೆನ್ನಾಗಿಯೇ ಹೊಡೆದ, ತಂಡ ಮಾತ್ರ ಪ್ಲೇಆಫ್ ತಲುಪಲಿಲ್ಲ, ಋತು ಮುಗಿಯುತ್ತಿದ್ದಂತೆ ಆತನ ಕರಾರೂ ಮುಗಿಯಿತು. ಪಿಚರ್ ಜೊನಾಥನ್ ಸ್ಯಾಂಚೆಸ್‌ನನ್ನು ಕಾನ್ಸಾಸ್ ಸಿಟಿಗೆ ಕಳುಹಿಸಿ ಮೆಲ್ಕಿ ಕ್ಯಾಬ್ರೆರಾನನ್ನು ಪಡೆದದ್ದೂ ಆ ನವೆಂಬರ್‌ನಲ್ಲಿಯೇ. ಇಷ್ಟಾದ ಮೇಲೆ ಬಂದ ಹೆಸರು ಬ್ಲಾಂಕೋ.

"ಅಲ್ಲ ಮಾರಾಯ, ವೀಲರ್ ಹೋದ, ಬೆಲ್ಟ್ರಾನ್ ಹೋಗ್ತಾ ಇದ್ದಾನೆ, ಬಂದವನು ಯಾರು ನೋಡು," ಎಂದ ಶಿವಮೊಗ್ಗದ ಗೆಳೆಯ. ಬೇಸ್‌ಬಾಲ್‌ಗೆ ನನ್ನನ್ನು ಎಳೆದವನೇ ಆತ. 2010ರ ಗೆಲುವಿನ ಮೆರವಣಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ನಿಂತು ಗಂಟಲು ಕೂಗಿಕೊಂಡು ಬಂದವನಿಗೆ ಒಂದೇ ವರ್ಷದಲ್ಲಿ ಇಂಥ ಚೌಕಾಸಿಯನ್ನು ನೋಡುವುದು ಅಸಹ್ಯವೆನಿಸಿತ್ತು. ಹಣವಿದ್ದೂ ಖರ್ಚು ಮಾಡದ ತಂಡ ಅಭಿಮಾನಿಗಳನ್ನು ಮೋಸಗೊಳಿಸುತ್ತದೆ ಎಂಬುದು ಅವನ ವಾದ.

ಮೇಜಿನ ಇನ್ನೊಂದು ತುದಿಯಲ್ಲಿ ಅಂಕಿಅಂಶದ ಹುಚ್ಚಿನ ಒಬ್ಬ ಕಿರಿಯ ಸಹೋದ್ಯೋಗಿಯಿದ್ದ. ಆತ ಬ್ಲಾಂಕೋನ ಹಳೆಯ ಲೆಕ್ಕವನ್ನು ತೆಗೆದಿಟ್ಟ. 2008ರಲ್ಲಿ ಅಟ್ಲಾಂಟಾ ಬ್ರೇವ್ಸ್ ಪರವಾಗಿ ಆಡಿದಾಗ ಬ್ಲಾಂಕೋನ ಬ್ಯಾಟಿಂಗ್ ಸರಾಸರಿ (ಹಿಟ್ ಸಿಕ್ಕಿದ ಪ್ರಮಾಣ) 0.251, ಚೆಂಡನ್ನು ಗೋಡೆಯಾಚೆ ಕಳುಹಿಸುವ ಹೋಮ್ ರನ್ ಕೇವಲ ಒಂದು. ಆದರೆ ಹಿಟ್‌ಗಳ ಜೊತೆಗೆ, ಪಿಚರ್‌ನ ನಾಲ್ಕು ತಪ್ಪು ಎಸೆತಗಳಿಂದ ಪುಕ್ಕಟೆಯಾಗಿ ಮೊದಲ ಬೇಸ್ ಸಿಗುವ ವಾಕ್‌ಗಳನ್ನೂ ಎಣಿಸಿ ನೋಡಿದರೆ ಬೇಸ್ (ರನ್ ಗಳಿಸಲು ಓಡಿ ಮುಟ್ಟಬೇಕಾದ ನಿಲುಗಡೆ) ತಲುಪಿದ ಪ್ರಮಾಣ 0.366, ಅಂದರೆ ಸುಮಾರು ಮೂರು ಸಲಕ್ಕೆ ಒಂದು ಸಲಕ್ಕಿಂತ ಹೆಚ್ಚು. ಚೆಂಡನ್ನು ಆಯ್ದು ಬಿಡುವ ಸಹನೆ, ಕಾಲಿನ ವೇಗ, ಮೂರೂ ಔಟ್‌ಫೀಲ್ಡ್ ಸ್ಥಾನಗಳಲ್ಲಿ ನಿಲ್ಲಬಲ್ಲ ಸಾಮರ್ಥ್ಯ, ಇವಿಷ್ಟು ಜಮೆಯ ಬದಿಯಲ್ಲಿ. ಖರ್ಚಿನ ಬದಿಯಲ್ಲಿ, ಆತ 2011ರಲ್ಲಿ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮೇಜರ್ ಲೀಗ್ ಬಾಗಿಲು ಒಮ್ಮೆ ಮುಚ್ಚಿದವರಿಗೆ ಅದು ಮತ್ತೆ ತೆರೆಯುವುದು ಅಪರೂಪ ಎಂಬುದನ್ನೂ ಆ ಹುಡುಗ ಪ್ರಾಮಾಣಿಕವಾಗಿ ಹೇಳಿದ.

ನನಗೆ ಹೆಚ್ಚು ಇಷ್ಟವಾದದ್ದು ನಮ್ಮಲ್ಲೆಲ್ಲ ಹಿರಿಯರಾಗಿದ್ದ ಅಮೆರಿಕನ್ ಸಹೋದ್ಯೋಗಿಯ ಮಾತು. ಜೈಂಟ್ಸ್‌ನ ಹಳೆಯ ಮೈದಾನವಾದ ಕ್ಯಾಂಡಲ್‌ಸ್ಟಿಕ್ ಪಾರ್ಕಿನ ಚಳಿಗಾಳಿಯಲ್ಲಿ ತಂದೆಯ ಜೊತೆ ಕುಳಿತು ಪಂದ್ಯ ನೋಡಿ ಬೆಳೆದವರು ಅವರು. 2009ರಲ್ಲಿ ಆಂಡ್ರೆಸ್ ಟಾರೆಸ್ ಬಂದದ್ದೂ ಇದೇ ಬಗೆಯ ಕರಾರಿನ ಮೇಲೆ ಎಂದು ಅವರು ನೆನಪಿಸಿದರು. ಆಗ ಟಾರೆಸ್‌ಗೆ ಮೂವತ್ತು ದಾಟಿತ್ತು, ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಮರುವರ್ಷ ಚಾಂಪಿಯನ್ ತಂಡದ ಸೆಂಟರ್ ಫೀಲ್ಡ್‌ನಲ್ಲಿ ನಿಂತವನು ಅವನೇ. ಕೋಡಿ ರಾಸ್‌ನನ್ನು ಫ್ಲಾರಿಡಾ ಮಾರ್ಲಿನ್ಸ್ ಕೈಬಿಟ್ಟಾಗ 2010ರ ಆಗಸ್ಟ್‌ನಲ್ಲಿ ಎತ್ತಿಕೊಂಡರು, ಅಕ್ಟೋಬರ್‌ನಲ್ಲಿ ಆತ ಫಿಲಡೆಲ್ಫಿಯಾದ ರಾಯ್ ಹ್ಯಾಲಡೆಯಂಥ ಪಿಚರ್‌ಗೆ ಒಂದೇ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದ. ಆದರೆ ಇವು ಅದೃಷ್ಟದ ಕಥೆಗಳೆಂದು ಯಾರಾದರೂ ತಳ್ಳಿಹಾಕಬಹುದೆಂದು ಅವರಿಗೂ ಗೊತ್ತಿತ್ತು. ಆದ್ದರಿಂದ ಅವರು ಇನ್ನೊಂದು ಮಾತು ಸೇರಿಸಿದರು: ಬದಲಿ ಆಟಗಾರನನ್ನು ತಂಡ ಬಿಟ್ಟುಹೋಗುವ ತಾರೆಯ ಪಕ್ಕ ನಿಲ್ಲಿಸಿ ಅಳೆಯುವುದು ಸರಿಯಲ್ಲ, ಆತನೂ ಇಲ್ಲದಿದ್ದರೆ ಆ ದಿನ ಆ ಜಾಗದಲ್ಲಿ ಯಾರು ನಿಲ್ಲಬೇಕಾಗುತ್ತಿತ್ತೋ ಅವರ ಪಕ್ಕ ನಿಲ್ಲಿಸಿ ಅಳೆಯಬೇಕು. ಅಂಕಿಅಂಶದ ಹುಡುಗ ತಲೆಯಾಡಿಸಿದ. ಅವರಿಬ್ಬರೂ ಒಪ್ಪಿದ ವಿಷಯಗಳು ಬಹಳ ಕಡಿಮೆ.

ಆ ಜಾಗ ಯಾವುದು ಎಂಬುದನ್ನು ಇಲ್ಲಿ ವಿವರಿಸಬೇಕು. ಆಗ ಎಟಿ ಅಂಡ್ ಟಿ ಪಾರ್ಕ್ ಎಂದು ಕರೆಯುತ್ತಿದ್ದ, ಈಗ ಒರಾಕಲ್ ಪಾರ್ಕ್ ಆಗಿರುವ ಜೈಂಟ್ಸ್ ಮೈದಾನದ ಆಕಾರವೇ ವಿಚಿತ್ರ. ರೈಟ್ ಫೀಲ್ಡ್‌ನ ಗೆರೆಯುದ್ದಕ್ಕೆ ಗೋಡೆ ಕೇವಲ 309 ಅಡಿ ದೂರದಲ್ಲಿದೆ; ಹಳೆಯ ಜೈಂಟ್ಸ್ ತಾರೆ ವಿಲ್ಲಿ ಮೇಸ್‌ನ ಅಂಗಿ ಸಂಖ್ಯೆಯ ಗೌರವಾರ್ಥ ಅದರ ಎತ್ತರ 24 ಅಡಿ, ಆಚೆಗೆ ಕೊಲ್ಲಿಯ ನೀರು. ಆದರೆ ಅಲ್ಲಿಂದ ಗೋಡೆ ಓರೆಯಾಗಿ ಹಿಂದೆ ಸರಿದು ಸೆಂಟರ್ ಮತ್ತು ರೈಟ್ ಫೀಲ್ಡ್ ನಡುವಿನ ಮೂಲೆಯಲ್ಲಿ ಆ ದಿನಗಳಲ್ಲಿ 421 ಅಡಿಯವರೆಗೆ ಹೋಗುತ್ತಿತ್ತು. ಅಲ್ಲಿ ಬಿದ್ದ ಚೆಂಡು ಗೋಡೆಗೆ ಬಡಿದು ಎತ್ತ ಸಿಡಿಯುತ್ತದೆಂದು ಹೇಳಲಾಗದು. ಚಿನ್ನಸ್ವಾಮಿ ಕ್ರೀಡಾಂಗಣದ ಚಿಕ್ಕ ಬೌಂಡರಿಗಳಿಗೆ ಕಣ್ಣು ಹೊಂದಿಸಿಕೊಂಡಿದ್ದ ನನಗೆ ಮೊದಲ ಸಲ ಆ ಮೂಲೆಯನ್ನು ಕಂಡಾಗ ಅಲ್ಲಿ ಇನ್ನೊಬ್ಬ ಫೀಲ್ಡರ್ ಯಾಕಿಲ್ಲ ಎನಿಸಿತ್ತು. ಇಂಥ ಮೈದಾನದಲ್ಲಿ ನಿಧಾನ ಕಾಲಿನ ಔಟ್‌ಫೀಲ್ಡರ್ ಬ್ಯಾಟಿನಿಂದ ಕೊಟ್ಟದ್ದನ್ನು ಕಾಲಿನಿಂದ ಕಳೆಯುತ್ತಾನೆ. ಮೇಲಾಗಿ 162 ಪಂದ್ಯಗಳ ಋತುವಿನಲ್ಲಿ ಮೂವರೂ ಔಟ್‌ಫೀಲ್ಡರ್‌ಗಳು ಗಾಯವಿಲ್ಲದೆ ಉಳಿಯುವುದು ನಡೆಯದ ಮಾತು, ಮತ್ತು ಆಗಿನ 25 ಮಂದಿಯ ತಂಡದಲ್ಲಿ ಸುಮಾರು ಅರ್ಧದಷ್ಟು ಪಿಚರ್‌ಗಳೇ ಇರುತ್ತಿದ್ದುದರಿಂದ ಬೆಂಚಿನ ಮೇಲೆ ಕೂರುವವರು ನಾಲ್ಕೈದು ಮಂದಿ ಮಾತ್ರ. ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರ ಫೀಲ್ಡಿಂಗ್ ಮಾಡಿ ಹೊರಹೋದರೆ ಮುಖ್ಯ ಆಟಗಾರ ಮರಳಿ ಬರಬಹುದು. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಹೋದವನು ಆ ಪಂದ್ಯದಲ್ಲಿ ಮತ್ತೆ ಕಾಲಿಡುವಂತಿಲ್ಲ. ಹಾಗಾಗಿ ಬದಲಿಯಾಗಿ ಬಂದವನು ಓಡಬೇಕು, ಹಿಡಿಯಬೇಕು, ಸರದಿ ಬಂದರೆ ಬ್ಯಾಟನ್ನೂ ಹಿಡಿಯಬೇಕು.

ಡಿಸೆಂಬರ್‌ನಲ್ಲಿ ಟಾರೆಸ್‌ನನ್ನೇ ಮೆಟ್ಸ್‌ಗೆ ಕಳುಹಿಸಿ ಏಂಜೆಲ್ ಪಾಗನ್‌ನನ್ನು ತಂದರು, ಬೆಲ್ಟ್ರಾನ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಸೇರಿದ. ಬ್ಲಾಂಕೋ ತರಬೇತಿ ಶಿಬಿರದಲ್ಲಿ ಆಡಿ ತೋರಿಸಿ ಏಪ್ರಿಲ್‌ನಲ್ಲಿ ಮುಖ್ಯ ತಂಡದಲ್ಲಿ ಉಳಿದುಕೊಂಡ. ಮ್ಯಾನೇಜರ್ ಬ್ರೂಸ್ ಬೋಚಿ ಅವನನ್ನು ಮೊದಲು ಅಲ್ಲಿ ಇಲ್ಲಿ ಬಳಸಿ, ಆಮೇಲೆ ನೇಟ್ ಶೀರ್‌ಹೋಲ್ಟ್ಸ್‌ನ ರೈಟ್ ಫೀಲ್ಡ್‌ನಲ್ಲಿ ಹೆಚ್ಚು ಹೆಚ್ಚಾಗಿ ನಿಲ್ಲಿಸತೊಡಗಿದರು.

2012ರ ಜೂನ್ 13, ಬುಧವಾರ. ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧದ ರಾತ್ರಿಯ ಪಂದ್ಯಕ್ಕೆ ಶಿವಮೊಗ್ಗದ ಗೆಳೆಯನೂ ನಾನೂ ಕ್ಯಾಲ್‌ಟ್ರೈನ್ ಹಿಡಿದು ಹೋಗಿದ್ದೆವು. ನಮ್ಮ ಆಸನಗಳು ಮೇಲಿನ ಅಂತಸ್ತಿನಲ್ಲಿ, ಫಸ್ಟ್ ಬೇಸ್ ಬದಿಯಲ್ಲಿದ್ದವು. ಅಗ್ಗದ ಟಿಕೆಟ್, ಆದರೆ ರೈಟ್ ಫೀಲ್ಡ್ ಪೂರ್ತಿ ಕಣ್ಣ ಕೆಳಗೆ ಹರಡಿತ್ತು. ಪಿಚರ್ ಮ್ಯಾಟ್ ಕೇನ್ ಒಬ್ಬೊಬ್ಬರನ್ನೇ ವಾಪಸು ಕಳುಹಿಸುತ್ತಿದ್ದ. ಜೈಂಟ್ಸ್ ಬ್ಯಾಟು ಕೂಡ ಅಂದು ಉದಾರವಾಗಿತ್ತು: ಕ್ಯಾಬ್ರೆರಾ, ಬ್ರ್ಯಾಂಡನ್ ಬೆಲ್ಟ್, ಕೊನೆಗೆ ಬ್ಲಾಂಕೋ ಕೂಡ ಹೋಮ್ ರನ್ ಹೊಡೆದರು. ಗೆಳೆಯ ಅದನ್ನು ಆಕಸ್ಮಿಕವೆಂದು ಬದಿಗಿಟ್ಟ.

ಆರನೆಯ ಇನ್ನಿಂಗ್ಸ್‌ನಲ್ಲಿ ಕ್ಯಾಬ್ರೆರಾ ಎಡಗೋಡೆಗೆ ಒರಗಿ ಒಂದು ಚೆಂಡು ಹಿಡಿದ ಮೇಲೆ ಸ್ಕೋರ್‌ಬೋರ್ಡ್ ನೋಡುವವರ ಮುಖಗಳು ಬದಲಾದವು. ಆಸ್ಟ್ರೋಸ್‌ನ ಒಬ್ಬನೂ ಬೇಸ್ ತಲುಪಿರಲಿಲ್ಲ. 27 ಮಂದಿಯೂ ಹೀಗೇ ಮರಳಿದರೆ ಅದು ಪರ್ಫೆಕ್ಟ್ ಗೇಮ್. ಅಲ್ಲಿಯವರೆಗಿನ ಮೇಜರ್ ಲೀಗ್ ಚರಿತ್ರೆಯಲ್ಲಿ 21 ಮಾತ್ರ ಆಗಿದ್ದವು, 1883ರಿಂದ ಆಡುತ್ತ ಬಂದ ಜೈಂಟ್ಸ್‌ಗೆ ಒಂದೂ ಒಲಿದಿರಲಿಲ್ಲ. ಅದು ನಡೆಯುತ್ತಿರುವಾಗ ಬಾಯಿಬಿಟ್ಟು ಹೇಳಬಾರದೆಂಬ ನಂಬಿಕೆ ಇಲ್ಲಿದೆ. ಮನೆಯಲ್ಲಿ ರಾಹುಕಾಲ ನೋಡುವವರನ್ನು ಗೇಲಿ ಮಾಡುವ ನನ್ನ ಗೆಳೆಯ, ಕಾಫಿ ತರಲು ಏಳೋಣವೆಂದರೆ ನನ್ನ ತೋಳು ಹಿಡಿದು ಕೂರಿಸಿದ.

ಏಳನೆಯ ಇನ್ನಿಂಗ್ಸ್‌ನ ಮೊದಲ ಬ್ಯಾಟುಗಾರ ಜೋರ್ಡನ್ ಶೇಫರ್. ಆತ ಹೊಡೆದ ಚೆಂಡು ನೇರವಾಗಿ ಆ 421 ಅಡಿಯ ಮೂಲೆಯ ಕಡೆಗೆ ಹೋಯಿತು. ನಾವು ಕುಳಿತಿದ್ದ ಜಾಗದಿಂದ ಚೆಂಡು ಮತ್ತು ಬ್ಲಾಂಕೋ ಇಬ್ಬರೂ ಒಂದೇ ನೋಟಕ್ಕೆ ಸಿಕ್ಕರು, ಮತ್ತು ಇಬ್ಬರ ನಡುವೆ ಉಳಿದಿದ್ದ ಅಂತರವನ್ನು ಕಂಡರೆ ಅದು ಹಿಡಿಯುವ ಚೆಂಡಾಗಿರಲಿಲ್ಲ. ಬ್ಲಾಂಕೋ ತನ್ನ ಬಲಕ್ಕೆ ಓಡಿದ, ಓಡುತ್ತಲೇ ಇದ್ದ, ಹುಲ್ಲು ಮುಗಿದು ಗೋಡೆಯಂಚಿನ ಮಣ್ಣು ಶುರುವಾಗುವಲ್ಲಿ ಪೂರ್ತಿ ಮೈಚಾಚಿ ಹಾರಿದ. ಚೆಂಡು ಗ್ಲೌಸಿನಲ್ಲಿತ್ತು. 42 ಸಾವಿರಕ್ಕೂ ಮಿಕ್ಕಿದ ಜನ ಎದ್ದು ನಿಂತು ಕೂಗಿದ ಆ ಸದ್ದಿನಲ್ಲಿ ಗೆಳೆಯ ಏನು ಹೇಳಿದನೆಂದು ನನಗೆ ಕೇಳಲಿಲ್ಲ, ಕೇಳಿದ್ದರೂ ಬರೆಯುವಂಥದ್ದಾಗಿರಲಾರದು. ಕೇನ್ 125 ಎಸೆತಗಳಲ್ಲಿ, 14 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ (ಚೆಂಡನ್ನು ಆಟಕ್ಕೆ ಬಿಡದೆ ತಾನೇ ಔಟ್ ಮಾಡಿ) ಪರ್ಫೆಕ್ಟ್ ಗೇಮ್ ಮುಗಿಸಿದ. ಮರುದಿನ ಊಟದ ಮೇಜಿನಲ್ಲಿ ಚರ್ಚೆ ನಡೆದದ್ದು ಮಾತ್ರ ಆ ಒಂದು ಓಟದ ಬಗ್ಗೆ: ಹಿಂದಿನ ವರ್ಷಗಳಲ್ಲಿ ನಾವು ಕಂಡ ಔಟ್‌ಫೀಲ್ಡರ್‌ಗಳಲ್ಲಿ ಯಾರಿಗೆ ಆ ಚೆಂಡು ಸಿಗುತ್ತಿತ್ತು? ನಿಧಾನ ಕಾಲಿನ ಪ್ಯಾಟ್ ಬರೆಲ್‌ನ ಹೆಸರು ಬಂದಾಗ ಎಲ್ಲರೂ ನಕ್ಕರು. ಬೆಲ್ಟ್ರಾನ್‌ಗೆ ಸಿಗುತ್ತಿತ್ತೇ ಎಂಬುದು ತೀರ್ಮಾನವಾಗಲಿಲ್ಲ.

ಒಂದು ಕ್ಯಾಚಿನಿಂದ ತೂಕ ತೀರುವುದಿಲ್ಲ ಎಂಬುದೂ ನಿಜ. ಬೇಸಿಗೆ ಬಲಿತಂತೆ ಬ್ಲಾಂಕೋನ ಬ್ಯಾಟು ಸೋತಿತು. ಜುಲೈ 31ರಂದು ಫಿಲಡೆಲ್ಫಿಯಾದಿಂದ ಹಂಟರ್ ಪೆನ್ಸ್ ಬಂದದ್ದರಿಂದ ಆತ ಮತ್ತೆ ಬೆಂಚಿಗೆ ಹೋದ. ಆಗಸ್ಟ್ 15ರಂದು, 0.346 ಸರಾಸರಿಯಲ್ಲಿ ಹೊಡೆಯುತ್ತಿದ್ದ, ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದ್ದ ಕ್ಯಾಬ್ರೆರಾ ನಿಷೇಧಿತ ಟೆಸ್ಟೋಸ್ಟೆರಾನ್ ಬಳಸಿ ಸಿಕ್ಕಿಬಿದ್ದು 50 ಪಂದ್ಯಗಳ ನಿಷೇಧಕ್ಕೊಳಗಾದ. ಅದೇ ತಿಂಗಳಲ್ಲಿ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬಾಸ್ಟನ್‌ನಿಂದ ಏಡ್ರಿಯನ್ ಗೊನ್ಸಾಲೆಸ್ ಮೊದಲಾದ ದೊಡ್ಡ ಸಂಬಳದವರನ್ನು ಒಟ್ಟಿಗೇ ಕೊಂಡುಕೊಂಡಿತು. ನಮ್ಮ ತಂಡ ಲೆಫ್ಟ್ ಫೀಲ್ಡ್‌ನಲ್ಲಿ ಬ್ಲಾಂಕೋನನ್ನು ನಿಲ್ಲಿಸಿತು. ಊಟದ ಮೇಜಿನಲ್ಲಿ ಆ ವಾರ ಯಾರಿಗೂ ಹಸಿವಿರಲಿಲ್ಲ. ಆದರೆ ಜೈಂಟ್ಸ್ 94 ಪಂದ್ಯ ಗೆದ್ದು ವಿಭಾಗದಲ್ಲಿ ಮೊದಲಾಯಿತು, ನಿಷೇಧದ ಅವಧಿ ಮುಗಿದರೂ ಪ್ಲೇಆಫ್‌ಗೆ ಕ್ಯಾಬ್ರೆರಾನನ್ನು ಕರೆಯಲಿಲ್ಲ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ಅಕ್ಟೋಬರ್ 24ರಂದು, ಆ ವರ್ಷದ ವಿಜಯದಶಮಿಯ ದಿನ ಬಂತು. ಗೆಳೆಯನ ಮನೆಯಲ್ಲಿ ನಡುಮನೆಯ ತುಂಬ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸಿದ್ದರು. ಕುಂಕುಮಕ್ಕೆ ಬಂದವರು ಅತ್ತ, ಟಿವಿಯ ಮುಂದೆ ನಾವು ಇತ್ತ. ಪ್ಯಾಬ್ಲೋ ಸ್ಯಾಂಡೊವಾಲ್ ಮೂರು ಹೋಮ್ ರನ್ ಹೊಡೆದ ಆ ರಾತ್ರಿ ಬ್ಲಾಂಕೋ ಎದುರಾಳಿ ಡೆಟ್ರಾಯಿಟ್‌ನ ಮಿಗೆಲ್ ಕ್ಯಾಬ್ರೆರಾ ಮತ್ತು ಪ್ರಿನ್ಸ್ ಫೀಲ್ಡರ್ ಹೊಡೆದ ಎರಡು ಚೆಂಡುಗಳನ್ನು ಹಾರಿ ಹಿಡಿದದ್ದನ್ನು ಮರುದಿನ ಹೆಚ್ಚು ಜನ ಮಾತಾಡಲಿಲ್ಲ, ನಮ್ಮ ಮೇಜನ್ನು ಬಿಟ್ಟರೆ. ಎರಡನೆಯ ಪಂದ್ಯದಲ್ಲಿ ಇದೇ ಪ್ರಿನ್ಸ್ ಫೀಲ್ಡರ್, ರನ್ ಪೂರ್ಣವಾಗುವ ಹೋಮ್ ಪ್ಲೇಟ್‌ನಲ್ಲಿ ಔಟಾದ ಆಟ ಲೆಫ್ಟ್ ಫೀಲ್ಡ್‌ನ ಬ್ಲಾಂಕೋನಿಂದಲೇ ಶುರುವಾಯಿತು. ಅವನ ಎಸೆತ ಮೊದಲ ಸಹ ಆಟಗಾರನ ತಲೆಯ ಮೇಲೆ ಹಾರಿ, ಹಿಂದೆ ನಿಂತಿದ್ದ ಮಾರ್ಕೊ ಸ್ಕುಟಾರೊನ ಕೈಸೇರಿತೆಂಬುದನ್ನೂ ಹೇಳಬೇಕು. ಅದೇ ಪಂದ್ಯದ ಏಳನೆಯ ಇನ್ನಿಂಗ್ಸ್‌ನಲ್ಲಿ ಅವನ ಬಂಟ್ (ಬ್ಯಾಟಿಗೆ ಮೆಲ್ಲಗೆ ತಾಗಿಸಿ ಬಿಟ್ಟ ಚೆಂಡು) ಮೂರನೆಯ ಬೇಸಿನ ಗೆರೆಯೊಳಗೇ ಉರುಳಿ ನಿಂತು ಬೇಸುಗಳು ತುಂಬಿದವು, ಗೆಲುವಿನ ರನ್ ಅಲ್ಲಿಂದ ಬಂತು. ಮೂರನೆಯ ಪಂದ್ಯದಲ್ಲಿ ಹೊಡೆದು ಮೂರನೆಯ ಬೇಸ್‌ವರೆಗೆ ಓಡಿದ ಅವನ ಟ್ರಿಪಲ್‌ನಿಂದ ಮೊದಲ ರನ್. ಜೈಂಟ್ಸ್ ಗೆದ್ದದ್ದು 2–0 ಅಂತರದಿಂದ. ನಾಲ್ಕೇ ಪಂದ್ಯಗಳಲ್ಲಿ ಸೀರೀಸ್ ಮುಗಿಯಿತು. ಇಷ್ಟಾಗಿಯೂ ಇಡೀ ಋತುವಿನ ಅವನ ಬ್ಯಾಟಿಂಗ್ ಸರಾಸರಿ 0.244, ಚೆಂಡು ಹೊಡೆಯುವವರೆಗೆ ಕಾಯದೆ ಓಡಿ ಕದ್ದ ಬೇಸುಗಳು 26.

ಆ ಡಿಸೆಂಬರ್‌ನಲ್ಲಿ ಜೈಂಟ್ಸ್ ಒಂದು ವರ್ಷದ ಕರಾರಿನ ಮೇಲೆ ಮತ್ತೊಬ್ಬ ಹೆಚ್ಚುವರಿ ಔಟ್‌ಫೀಲ್ಡರ್‌ನನ್ನು ತಂದಿತು. ಆತ ಬೇರೆ ಯಾರೂ ಅಲ್ಲ, ಟಾರೆಸ್. ಬ್ಲಾಂಕೋ ಇರುವಾಗ ಇವನಿಗೆ ಹಣ ಯಾಕೆ ಸುರಿಯಬೇಕೆಂದು ಶಿವಮೊಗ್ಗದ ಗೆಳೆಯ ಸಿಟ್ಟಾದ. ಎಡಗೈ ಪಿಚರ್‌ಗಳ ಮುಂದೆ ಬ್ಲಾಂಕೋ ತಡವರಿಸುತ್ತಾನೆಂದು ಅಂಕಿಅಂಶದ ಹುಡುಗ ತನ್ನ ಕಂಪ್ಯೂಟರ್ ತೆರೆದ. ಪಾಗನ್‌ಗೆ ಏನಾದರೂ ಆದರೆ ಯಾರು ನಿಲ್ಲುತ್ತಾರೆಂದು ಹಿರಿಯರು ಕೇಳಿದರು. ಮೇ ತಿಂಗಳಲ್ಲಿ ಪಾಗನ್‌ನ ತೊಡೆಯ ಹಿಂಭಾಗದ ಸ್ನಾಯುವಿಗೆ ಗಾಯವಾಗಿ ಬ್ಲಾಂಕೋ ಸೆಂಟರ್ ಫೀಲ್ಡ್‌ಗೆ ಸರಿದ, ಟಾರೆಸ್‌ಗೂ ಕೆಲಸ ಸಿಕ್ಕಿತು, ಮತ್ತು ಇಬ್ಬರಿದ್ದರೂ ತಂಡ 86 ಪಂದ್ಯ ಸೋತಿತು. 2013ರ ಕೊನೆಯಲ್ಲಿ ಲೆಫ್ಟ್ ಫೀಲ್ಡ್‌ಗೆಂದು ಭಾರಿ ಹೊಡೆತದ, ನಿಧಾನ ಕಾಲಿನ ಮೈಕೆಲ್ ಮೋರ್ಸ್ ಬಂದಾಗ ಬ್ಲಾಂಕೋನನ್ನು ಇನ್ನು ಬಿಟ್ಟುಕೊಡಬಹುದಲ್ಲವೇ ಎಂದು ಯಾರೋ ಕೇಳಿದರು. "ಮೋರ್ಸ್ ಹೊಡೀಲಿ ಬಿಡಿ. ಎಂಟನೇ ಇನ್ನಿಂಗ್ಸ್ ಆದ್ಮೇಲೆ ಆ ಜಾಗದಲ್ಲಿ ಓಡೋದು ಯಾರು?" ಎಂದು ಮೊದಲು ಕೇಳಿದವನು ಗೆಳೆಯನೇ.