ದೊಡ್ಡ ಹೆಸರು ಬಿಟ್ಟು ಚಿಕ್ಕ ಕಾಲೇಜೇ ಸಾಕು ಅನ್ಸಿದ್ದು

ಡಿಗ್ರಿ ಮುಗೀತಲ್ಲಮ್ಮ, ಈಗ ಮತ್ತೆ ಏನ್ ಓದ್ತೀಯ ಅಂತ ನಮ್ಮ ಬೀದೀಲಿ ಎಲ್ರೂ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ನಾನು ಹುಟ್ಟಿದ್ದು ನ್ಯೂಜೆರ್ಸಿ, ಬೆಳ್ದಿದ್ದು ಹಾಸನ, ಪಿಯುಸಿ ಆರ್ಟ್ಸ್, ಆಮೇಲೆ ಅಮೆರಿಕಾದಲ್ಲಿ ಹಿಸ್ಟರಿ ಬಿಎ. ಹೋದ್ವರ್ಷ ಅಜ್ಜಿಗೆ ಸ್ಟ್ರೋಕ್ ಆಗಿ ಇಲ್ಲಿನ ಹಿಮ್ಸ್ ಆಸ್ಪತ್ರೇಲಿ ಇದ್ದಾಗ ಹನ್ನೊಂದು ರಾತ್ರಿ ನಾನೇ ಜೊತೆಗಿದ್ದೆ, ಅಲ್ಲಿಂದ ಬಂದ್ಮೇಲೆ ಡಾಕ್ಟರ್ ಆಗ್ಬೇಕು ಅನ್ನೋದು ತಲೇಲಿ ಕೂತ್ಬಿಡ್ತು.

ಇಲ್ಲಿ ಆಗಿದ್ರೆ ಪಿಯುಸೀಲಿ ಪಿಸಿಬಿ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇಲ್ದೆ ನೀಟ್ ಬರೆಯೋ ಹಾಗೇ ಇಲ್ಲ. ಅಮೆರಿಕಾದಲ್ಲಿ ಮೆಡಿಕಲ್ ಸೇರೋದು ಸಾಮಾನ್ಯವಾಗಿ ಡಿಗ್ರಿ ಆದ್ಮೇಲೆ, ಡಿಗ್ರಿ ಯಾವುದಾದ್ರೂ ಆಗುತ್ತೆ, ಆದ್ರೆ ಹೆಚ್ಚಿನ ಕಡೆ ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್, ಬಯಾಲಜಿ ಲ್ಯಾಬ್ ಸಮೇತ ಓದಿರ್ಬೇಕು. ನನ್ನಂಥೋರು ಅದನ್ನ ಒಂದೆರಡು ವರ್ಷದಲ್ಲಿ ಮುಗಿಸೋ ಕೋರ್ಸೇ ಪೋಸ್ಟ್‌ಬ್ಯಾಕ್. ಇನ್ನೊಂದು ಥರದ್ದೂ ಇದೆ, ಸೈನ್ಸ್ ಓದಿದೋರು ಮಾರ್ಕ್ಸ್ ಸರಿ ಮಾಡ್ಕೊಳೋಕೆ, ಅಪ್ಲೈ ಮಾಡೋವಾಗ ಯಾವುದು ಅಂತ ನೋಡ್ಕೊಳಿ. ಮತ್ತೆ ಸಿಟಿಜನ್‌ಶಿಪ್ಪೋ ಗ್ರೀನ್ ಕಾರ್ಡೋ ಇಲ್ದೆ ವೀಸಾ ಮೇಲೆ ಹೋಗೋರನ್ನ ಅಲ್ಲಿನ ಮೆಡಿಕಲ್ ಕಾಲೇಜುಗಳಲ್ಲಿ ಕೆಲವು ಮಾತ್ರ ತಗೊಳೋದು, ದುಡ್ಡು ಕಟ್ಟೋಕ್ ಮುಂಚೆ ಇದನ್ನ ಖಂಡಿತ ವಿಚಾರಿಸ್ಕೊಳಿ.

ಅಪ್ಪಂಗೆ ದೊಡ್ಡ ಯೂನಿವರ್ಸಿಟಿ ಇಷ್ಟ, ಬ್ರಿನ್ ಮಾರ್, ಗೌಚರ್, ಸ್ಕ್ರಿಪ್ಸ್ ಅಂದ್ರೆ ಇವೆಲ್ಲ ಎಲ್ಲಿವೆ ಮಗಳೇ ಕೇಳೇ ಇಲ್ವಲ್ಲ ಅಂದ್ರು. ಮೂರೂ ಪೋಸ್ಟ್‌ಬ್ಯಾಕ್ ಇರೋ ಚಿಕ್ಕ ಕಾಲೇಜುಗಳೇ. ಬ್ರಿನ್ ಮಾರ್ ಫಿಲಡೆಲ್ಫಿಯಾ ಹತ್ರ, 1972ರಿಂದ ಈ ಕೋರ್ಸ್ ನಡೆಸ್ತಿದೆ, ಡಿಗ್ರಿಗೆ ಬರೀ ಹೆಣ್ಮಕ್ಕಳ ಕಾಲೇಜಾದ್ರೂ ಇದಕ್ಕೆ ಗಂಡು ಹುಡುಗ್ರನ್ನೂ ತಗೋತಾರೆ. ನಂಗೆ ಬೇಕಾಗಿರೋದು ಹೆಸರಲ್ಲ. ಹತ್ತನೇ ಕ್ಲಾಸ್ ಆದ್ಮೇಲೆ ಕೆಮಿಸ್ಟ್ರಿ ಪುಸ್ತಕ ಮುಟ್ಟಿಲ್ಲ, ಮುನ್ನೂರು ಜನ ಕೂರೋ ಹಾಲ್‌ನಲ್ಲಿ ಕೊನೇ ಬೆಂಚಲ್ಲಿ ಕೂತ್ರೆ ನಾನು ಮುಳುಗಿದ್ದು ಯಾರಿಗೂ ಗೊತ್ತಾಗಲ್ಲ. ಮೇಷ್ಟ್ರಿಗೆ ನನ್ನ ಪರಿಚಯ ಇದ್ರೇನೇ ಅವ್ರು ಬರೆಯೋ ಶಿಫಾರಸು ಪತ್ರಕ್ಕೆ ಬೆಲೆ, ಆ ಪತ್ರ ಅಲ್ಲಿ ತುಂಬಾ ಮುಖ್ಯ. ಒಂದು ದೊಡ್ಡ ಯೂನಿವರ್ಸಿಟಿಗೆ ಬರೆದ ಮೇಲ್‌ಗೆ ಮೂರು ವಾರ ಆದ್ಮೇಲೆ ಎಲ್ರಿಗೂ ಕಳ್ಸೋ ಒಂದೇ ಉತ್ರ ಬಂತು. ಚಿಕ್ಕ ಕಾಲೇಜಿನೋರು ಫೋನ್ ಮಾಡೋಣ ಅಂದ್ರು, ನಮ್ಗೆ ಸಂಜೆ ಏಳೂವರೆ ಅವ್ರಿಗೆ ಬೆಳಿಗ್ಗೆ ಹತ್ತು, ನಾನು ಟೆರೇಸ್ ಮೇಲೆ ಶಾಲು ಹೊದ್ಕೊಂಡು ಮುಕ್ಕಾಲು ಗಂಟೆ ಮಾತಾಡಿದೆ, ಮ್ಯಾಥ್ಸ್ ಯಾವಾಗ ಬಿಟ್ಟೆ ಅಂತ ಕೂಡ ಕೇಳಿದ್ರು.

ಇನ್ನೊಂದು ವಿಷ್ಯ ಲಿಂಕೇಜ್, ಅಂದ್ರೆ ಈ ಕೋರ್ಸ್ ನಡೆಸೋ ಕಾಲೇಜಿಗೂ ಕೆಲವು ಮೆಡಿಕಲ್ ಕಾಲೇಜಿಗೂ ಇರೋ ಒಪ್ಪಂದ. ಮಾಮೂಲಿಯಾಗಿ ಕೋರ್ಸ್ ಮುಗಿಸಿ ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬರೆದು ಅರ್ಜಿ ಹಾಕಿದ್ರೆ ಇಂಟರ್ವ್ಯೂ ಎಲ್ಲ ಆಗಿ ಸೇರೋಷ್ಟ್ರಲ್ಲಿ ಒಂದು ವರ್ಷ ಖಾಲಿ ಹೋಗುತ್ತೆ. ಲಿಂಕೇಜ್ ಇರೋ ಮೆಡಿಕಲ್ ಕಾಲೇಜಿಗೆ ಕೋರ್ಸ್ ನಡೀತಿರೋವಾಗ್ಲೇ ಅರ್ಜಿ ಹಾಕಿ, ಸಿಕ್ರೆ ಆ ವರ್ಷ ಉಳಿಯುತ್ತೆ, ಆದ್ರೆ ಸಿಕ್ಕಿದ ಕಡೇನೇ ಹೋಗ್ಬೇಕು. ಇಪ್ಪತ್ತಾರು ಆಗಿರೋ ನಂಗೆ ಒಂದು ವರ್ಷ ಅಂದ್ರೆ ಕಮ್ಮಿ ಅಲ್ಲ, ಆದ್ರೂ ಅದನ್ನೇ ನಂಬ್ಕೊಂಡು ಸೇರಲ್ಲ, ಎಲ್ರಿಗೂ ಸಿಗಲ್ಲ ಅದು.

ದುಡ್ಡೇ ಕಷ್ಟ. ಕೊನೇಲಿ ಸಿಗೋದು ಸರ್ಟಿಫಿಕೇಟ್ ಅಷ್ಟೇ, ಡಿಗ್ರಿ ಅಲ್ಲ, ಡಿಗ್ರಿ ಕೋರ್ಸಿಗೆ ಸಿಗೋಷ್ಟು ಸಾಲ ಇದಕ್ಕೆ ಸಿಗಲ್ಲ. ದೊಡ್ಡಪ್ಪ ಸಕಲೇಶಪುರದಿಂದ ಬಂದೋರು ಲೆಕ್ಕ ಎಲ್ಲ ಕೇಳಿ, ಈ ಸಲ ಮೆಣಸು ಮಾರಿದ್ಮೇಲೆ ನೋಡೋಣ, ನೀನು ಅರ್ಜಿ ಹಾಕು ಅಂದ್ರು. ಅಜ್ಜಿ ಎಡಗೈ ಇನ್ನೂ ಪೂರ್ತಿ ಎತ್ತಲ್ಲ, ಬಲಗೈಯಲ್ಲಿ ನನ್ನ ಕೆನ್ನೆ ಮುಟ್ಟಿದ್ರು. ಆವತ್ತು ರಾತ್ರೀನೇ ಅರ್ಜಿ ಕಳ್ಸಿದೆ.