ಡೆಟ್ರಾಯ್ಟ್ ಮಿಕ್ಸ್ ಕೇಳಿದ ಶನಿವಾರ

ಹಳೇ ಆಲ್ಬಂಗಳ ರೀಇಶ್ಯೂ ಅಂದ್ರೆ ನಂಗೆ ಮೊದ್ಲಿಂದ್ಲೂ ಡೌಟು. ಅದೇ ಹಾಡಿಗೆ ವಾಲ್ಯೂಮ್ ಏರ್ಸಿ, ಹೊಸ ಡಬ್ಬಿಗೆ ಹಾಕಿ ಎರಡನೇ ಸಲ ದುಡ್ಡು ಕೀಳೋ ಕೆಲ್ಸ ಅದು ಅಂತ. ಅದಕ್ಕೇ ಅಮೆರಿಕನ್ ಗಾಯಕ ಮಾರ್ವಿನ್ ಗೇ ಆಲ್ಬಂ 'ವಾಟ್ಸ್ ಗೋಯಿಂಗ್ ಆನ್'ದು 2001ರ ಡಿಲಕ್ಸ್ ಎಡಿಷನ್ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಸಿಕ್ಕಾಗ್ಲೂ ವಾಪಸ್ ಇಡೋದ್ರಲ್ಲಿದ್ದೆ, ಆದ್ರೆ ಹಿಂದುಗಡೆ 'ಒರಿಜಿನಲ್ ಡೆಟ್ರಾಯ್ಟ್ ಮಿಕ್ಸ್' ಅಂತ ಇತ್ತು, ನಾನಿರೋದು ಡೆಟ್ರಾಯ್ಟ್ ಪಕ್ಕದಲ್ಲೇ, ಕಾರ್ ಕಂಪನಿ ಕೆಲ್ಸಕ್ಕೆ ಬಂದು ಇಲ್ಲೇ ಉಳ್ಕೊಂಡಿರೋ ಎಷ್ಟೋ ಕನ್ನಡದವರ ಥರ. ತಗೊಂಡೆ.

ಆಗಿದ್ದೇನಂದ್ರೆ, 1971ರ ಏಪ್ರಿಲ್‌ನಲ್ಲಿ ಆಲ್ಬಂ ಇಲ್ಲೇ ಮಿಕ್ಸ್ ಆಗಿತ್ತು, ಅಂದ್ರೆ ಬೇರೆ ಬೇರೆ ರೆಕಾರ್ಡ್ ಮಾಡಿದ ದನಿ, ವಾದ್ಯ ಎಲ್ಲಾ ಹದವಾಗಿ ಸೇರಿಸೋ ಕೆಲ್ಸ. ಮಾರ್ವಿನ್‌ಗೆ ಸಮಾಧಾನ ಆಗ್ಲಿಲ್ಲ, ಲಾಸ್ ಏಂಜಲೀಸ್‌ಗೆ ಹೋಗಿ ಪೂರ್ತಿ ಮತ್ತೆ ಮಿಕ್ಸ್ ಮಾಡಿಸ್ದ, ಮೇ ತಿಂಗಳಲ್ಲಿ ರಿಲೀಸ್ ಆಗಿದ್ದು ಅದು, ನಾವೆಲ್ಲ ಕೇಳಿರೋದೂ ಅದನ್ನೇ. ಮೊದಲ್ನೇದು ಮೂವತ್ತು ವರ್ಷ ಹಂಗೇ ಬಿದ್ದಿತ್ತು.

ಶನಿವಾರ ಹೆಂಡತಿ ಜೊತೆ ಡೌನ್‌ಟೌನ್ ಕಡೆ ಹೋಗ್ತಾ ಕಾರಲ್ಲಿ ಹಾಕ್ದೆ. ಮೊದ್ಲು ಗೊತ್ತಿರೋ ಆಲ್ಬಂ, ಆಮೇಲೆ ಡೆಟ್ರಾಯ್ಟ್ ಮಿಕ್ಸ್. ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳು, "ರೀ, ಇದ್ರಲ್ಲಿ ಪಕ್ಕದ ಸೀಟಲ್ಲಿ ಕೂತು ಹಾಡ್ದಂಗಿದೆ ಅಲ್ವಾ?" ಅಂದ್ಳು. ನಿಜ. ಲಾಸ್ ಏಂಜಲೀಸ್ (ಎಲ್.ಎ.) ಮಿಕ್ಸಲ್ಲಿ ವಯಲಿನ್‌ಗಳು, ಪ್ರತಿಧ್ವನಿ, ಎಲ್ಲಾ ನುಣ್ಣಗೆ ಹರಡಿರುತ್ತೆ. ಇಲ್ಲಿ ಅದೆಲ್ಲ ಕಮ್ಮಿ, ಕಾಂಗ ಡ್ರಮ್ ಮತ್ತೆ ಜೇಮ್ಸ್ ಜೇಮರ್ಸನ್ ನುಡಿಸಿರೋ ಬೇಸ್ ಗಿಟಾರ್ ಎದುರಿಗೇ ಬಂದು ನಿಲ್ಲುತ್ತೆ. ಟೈಟಲ್ ಹಾಡು ರೆಕಾರ್ಡ್ ಮಾಡೋವಾಗ ಜೇಮರ್ಸನ್ ಕುಡಿದು ಕೂರೋಕಾಗ್ದೆ ನೆಲದ ಮೇಲೆ ಮಲ್ಕೊಂಡು ನುಡಿಸ್ದ ಅಂತ ಒಂದು ಕಥೆ ಇದೆ, ಆದ್ರೆ ಆ ಬೇಸ್ ಕೇಳಿದ್ರೆ ಕುಡಿದೋನ ಕೈ ಅಂತ ಯಾರೂ ಹೇಳಲ್ಲ. ಈ ವಾದ್ಯದವರೆಲ್ಲ ಹಗಲು ಈ ಆಲ್ಬಂ ತಂದ ರೆಕಾರ್ಡ್ ಕಂಪನಿ ಮೋಟೌನ್ ಸ್ಟುಡಿಯೋ, ರಾತ್ರಿ ಊರಿನ ಕ್ಲಬ್‌ಗಳಲ್ಲಿ ಜಾಝ್ ಅಂತ ಬದುಕಿದವರು. ವರ್ಷಗಟ್ಲೆ ಹಿಟ್ ಮೇಲೆ ಹಿಟ್ ಕೊಟ್ರೂ ಮೋಟೌನ್ ಕವರ್ ಮೇಲೆ ಅವರ ಹೆಸರೇ ಇರ್ತಿರ್ಲಿಲ್ಲ, ಈ ಆಲ್ಬಮ್ಮಲ್ಲೇ ಸರಿಯಾಗಿ ಹಾಕಿದ್ದು. ನೋಡಿ ಎಂಥಾ ಅನ್ಯಾಯ.

ದಾರೀಲೇ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್, ಮೋಟೌನ್ ಶುರುವಾದ ಮನೆ. ಈಗ ಮ್ಯೂಸಿಯಂ. ನಾನು ಎಷ್ಟೋ ಸಲ ಹಾದು ಹೋಗಿದೀನಿ, ಮನೆಗೆ ನೆಂಟರು ಬಂದಾಗ ಬಿಟ್ರೆ ಇಳಿದಿಲ್ಲ. ಮೋಟೌನ್ ಕಟ್ಟಿದ ಬೆರ್ರಿ ಗಾರ್ಡಿ ಲಿಂಕನ್-ಮರ್ಕ್ಯುರಿ ಅಸೆಂಬ್ಲಿ ಲೈನಲ್ಲಿ ಕೆಲ್ಸ ಮಾಡಿದ್ದೋನು, ಹಾಡು ತಯಾರಿಸೋಕೂ ಅದೇ ಐಡಿಯಾ ತಂದ, ಕ್ವಾಲಿಟಿ ಕಂಟ್ರೋಲ್ ಮೀಟಿಂಗ್ ಸಮೇತ! ಅಂಥೋನಿಗೆ ಮಾರ್ವಿನ್ ವಿಯೆಟ್ನಾಂ ಯುದ್ಧ, ಪೊಲೀಸ್ ದೌರ್ಜನ್ಯ ಅಂತ ಹಾಡಿರೋದು ಇಷ್ಟ ಆಗ್ಲಿಲ್ಲ. ಆ ವರ್ಷ ಜನವರೀಲಿ ಟೈಟಲ್ ಹಾಡೊಂದೇ ಸಿಂಗಲ್ ಆಗಿ ಬಂದು ಓಡಿದ್ಮೇಲೇನೇ ಆಲ್ಬಂ ಬೇಕು ಅಂದಿದ್ದು.

ಹೆಂಡತಿ ಓಟು ಎಲ್.ಎ. ಮಿಕ್ಸ್‌ಗೆ, ವಯಲಿನ್ ಇಲ್ದೆ ಬಣಬಣ ಅನ್ಸುತ್ತಂತೆ. ನಂಗೆ ಡೆಟ್ರಾಯ್ಟ್‌ದೇ. ಆದ್ರೆ ಒಂದು ಹಾಡಿಂದ ಇನ್ನೊಂದಕ್ಕೆ ಜಾರೋ ಜಾಗ ಬಂದಾಗ ಮಾರ್ವಿನ್ ಯಾಕೆ ಮತ್ತೆ ಮಿಕ್ಸ್ ಮಾಡಿಸ್ದ ಅಂತ ನಂಗೂ ಅರ್ಥ ಆಗುತ್ತೆ, ಅದನ್ನ ಅವಳ ಹತ್ರ ಒಪ್ಕೊಂಡಿಲ್ಲ ಅಷ್ಟೇ. ಎರಡನೇ ಸಿಡೀಲಿ 1972ರ ಕೆನಡಿ ಸೆಂಟರ್ ಕಾನ್ಸರ್ಟ್ ಇದೆ, ಅದಿನ್ನೂ ಕೇಳ್ಬೇಕು.